ಹಾಡಿನ ಭಾವಚಿಹ್ನೆಗಳನ್ನು ತಕ್ಕ ಸ್ಥಾನದಲ್ಲಿಡುವ ಬಗೆ

ನಮ್ಮ ಶಾಲೆಯ ಸಂಗೀತದ ಕೊಠಡಿಯಲ್ಲಿ ಕಪ್ಪು ರಟ್ಟಿನ ಹಳೆಯ ಪುಸ್ತಕವೊಂದಿರುವುದನ್ನು ಇಲ್ಲಿ ಓದಿಹೋದ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಪ್ರಾತಃಕಾಲದ ಪ್ರಾರ್ಥನೆಯಲ್ಲಿಯೂ ಕ್ರಿಸ್ಮಸ್ ಉತ್ಸವದಲ್ಲಿಯೂ ಹಾಡತಕ್ಕ ಕನ್ನಡ ಗೀತೆಗಳು ಅದರಲ್ಲಿ ಟಾನಿಕ್ ಸೋಲ್ಫಾ ಪದ್ಧತಿಯಂತೆ ಮಸಿಯಿಂದ ಬರೆಯಲ್ಪಟ್ಟಿವೆ. ಆ ಮಸಿಯ ಅಕ್ಷರಗಳ ಮೇಲೆ, ಬಹುಕಾಲ ಇಲ್ಲಿ ಸೇವೆಮಾಡಿ ಈಗ ಕರ್ತನಲ್ಲಿ ನಿದ್ರಿಸಿರುವ ನಮ್ಮ ಸಂಗೀತದ ಅಧ್ಯಾಪಿಕೆಯವರು ಸೀಸದ ಕಡ್ಡಿಯಿಂದ ಮಾಡಿದ ಸಣ್ಣ ಸಣ್ಣ ಗುರುತುಗಳಿವೆ. ಇಲ್ಲಿ ಮೆಲ್ಲಗೆ ಹಾಡಿರಿ, ಇಲ್ಲಿ ದನಿಯನ್ನು ಬೆಳೆಸಿರಿ, ಇಲ್ಲಿ ಉಸಿರು ತೆಗೆದುಕೊಳ್ಳಿರಿ, ಇಲ್ಲಿ ಸ್ವಲ್ಪ ತಡೆಯಿರಿ ಎಂಬುದೇ ಅವುಗಳ ಅರ್ಥ. ಸ್ವರಗಳು ಕಳೆದುಹೋದರೆ ಬೇರೆ ಪುಸ್ತಕಗಳಿಂದ ಅವನ್ನು ಮರಳಿ ಪಡೆಯಬಹುದು. ಈ ಗುರುತುಗಳಾದರೋ ಬೇರೆ ಯಾವ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಶಾಲೆಯ ಹುಡುಗಿಯರು ಆ ಹಾಡುಗಳನ್ನು ಹೇಗೆ ಹಾಡುತ್ತಿದ್ದರೆಂಬುದಕ್ಕೆ ಉಳಿದಿರುವ ಸಾಕ್ಷಿ ಅವೊಂದೇ.

ಹೋದ ವರ್ಷ ಪುಸ್ತಕದ ಹಾಳೆಗಳು ಅಂಚಿನಲ್ಲಿ ಪುಡಿಯಾಗತೊಡಗಿದುದನ್ನು ಕಂಡು, ಅದನ್ನೆಲ್ಲ ಕಂಪ್ಯೂಟರಿನಲ್ಲಿ ಪ್ರತಿಮಾಡಿಸಬೇಕೆಂದು ನಿಶ್ಚಯಿಸಿದೆವು. ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರು ಮುಂದೆ ಬಂದರು. ಅವರಲ್ಲಿ ಇಬ್ಬರು ಕೆಂಗೇರಿಯಿಂದ ಬರುವವರಾದುದರಿಂದ ಸಂಜೆ ಹೊತ್ತಾಗುವ ಮುನ್ನ ಕೆಲಸವನ್ನು ನಿಲ್ಲಿಸಬೇಕಾಗುತ್ತಿತ್ತು. ಹೀಗಿದ್ದರೂ ಸ್ವರಗಳೆಲ್ಲ ಆರು ವಾರಗಳಲ್ಲಿ ಸರಿಯಾಗಿ ಮುಗಿದವು. ಗುರುತುಗಳಿಗೆ ಹಿಡಿದ ಕಾಲ ಎಂಟು ತಿಂಗಳು. ಇಷ್ಟು ಚಿಕ್ಕ ಗುರುತುಗಳಿಗೆ ಇಷ್ಟು ಶ್ರಮವೇತಕ್ಕೆಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳಿದುದುಂಟು. ಅದಕ್ಕೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪಾಶ್ಚಾತ್ಯ ಸಂಗೀತದಲ್ಲಿ ಸ್ವರವನ್ನು ಬರೆಯುವ ಕ್ರಮವು ಬಹಳ ಹಳೆಯದು. ಭಾವವನ್ನು ಬರೆಯುವ ಕ್ರಮವು ಅಷ್ಟು ಹಳೆಯದಲ್ಲ. ವೆನಿಸ್ ನಗರದ ಜೊವಾನ್ನಿ ಗಾಬ್ರಿಯೇಲಿಯವರ ಒಂದು ವಾದ್ಯಕೃತಿ ೧೫೯೭ರಲ್ಲಿ ಅಚ್ಚಾಯಿತು. ಅದರಲ್ಲಿ ಮೆಲ್ಲಗೆ, ಗಟ್ಟಿಯಾಗಿ ಎಂಬರ್ಥದ ಇಟಾಲಿಯನ್ ಪದಗಳು ಸ್ವರಗಳ ಬಳಿಯಲ್ಲಿ ಅಚ್ಚಾಗಿರುವುದನ್ನು ಇಂಥ ಗುರುತುಗಳ ಅತಿ ಹಳೆಯ ನಿದರ್ಶನಗಳಲ್ಲಿ ಒಂದೆಂದು ಹೇಳುತ್ತಾರೆ. ಆ ಮೇಲೆ ಪದಗಳು ಕುಗ್ಗಿ ಒಂದೊಂದು ಅಕ್ಷರವಾದವು. ಪಿಯಾನೋ ಎಂಬುದಕ್ಕೆ ಪಿ, ಫೋರ್ಟೆ ಎಂಬುದಕ್ಕೆ ಎಫ್. ದನಿಯು ಕ್ರಮವಾಗಿ ಬೆಳೆಯುವುದಕ್ಕೆ ಬಾಯ್ದೆರೆದ ಎರಡು ಗೆರೆಗಳು, ಕುಗ್ಗುವುದಕ್ಕೆ ಅದರ ತಿರುವುಮುರುವು. ಈ ಜೋಡಿಗೆರೆಗೆ ಇಂಗ್ಲಿಷಿನವರು ಹೇರ್‌ಪಿನ್ ಎಂದೇ ಹೆಸರಿಟ್ಟಿದ್ದಾರೆ. ಎರಡು ಜಡೆ ಹಾಕಿಕೊಳ್ಳುವ ನಮ್ಮ ಹುಡುಗಿಯರಿಗೆ ಆ ಹೆಸರನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಸೋಲ್ಫಾ ಪದ್ಧತಿಯನ್ನು ಮೊದಲು ಕಲ್ಪಿಸಿದವರು ಇಂಗ್ಲೆಂಡಿನ ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಶಿಕ್ಷಕಿಯವರು. ಅವರ ಪುಸ್ತಕವು ೧೮೩೫ರಲ್ಲಿ ಹೊರಬಂತು. ಜಾನ್ ಕರ್ವೆನ್ ಎಂಬ ಸಭಾಪಾಲಕರು ಮುಂದಿನ ದಶಕದಲ್ಲಿ ಅದನ್ನು ತಿದ್ದಿ ಬೆಳೆಸಿ ಲೋಕಕ್ಕೆಲ್ಲ ಹರಡಿದರು. ಕಲ್ಪಿಸಿದಾಕೆಯ ಹೆಸರು ಹಿಂದೆ ಸರಿದು ಹರಡಿದವರ ಹೆಸರು ಮುಂದೆ ನಿಂತದ್ದು ಈ ಒಂದು ವಿಷಯದಲ್ಲಿ ಮಾತ್ರವೇನಲ್ಲ. ಅದಿರಲಿ. ಈ ಪದ್ಧತಿಯಲ್ಲಿ ಐದು ಗೆರೆಗಳೂ ಇಲ್ಲ, ದುಂಡು ಬೊಟ್ಟುಗಳೂ ಇಲ್ಲ. ಸ್ವರದ ಹೆಸರಿನ ಮೊದಲಕ್ಷರವೇ ಸ್ವರ. ಒಂದು ಎಣಿಕೆಗೂ ಇನ್ನೊಂದು ಎಣಿಕೆಗೂ ನಡುವೆ ಎರಡು ಚುಕ್ಕೆಗಳು, ತಾಳಖಂಡದ ಕೊನೆಯಲ್ಲಿ ಒಂದು ನಿಲುಗೆರೆ. ಸ್ವರವನ್ನು ಮುಂದಿನ ಎಣಿಕೆಗೂ ಎಳೆಯಬೇಕಾದರೆ ಅಲ್ಲಿ ಒಂದು ಅಡ್ಡಗೀಟು. ಸಂಗೀತದ ಮೊಳೆಗಳಿಲ್ಲದ ಯಾವ ಸಾಮಾನ್ಯ ಮುದ್ರಣಾಲಯದಲ್ಲಿಯೂ ಇದನ್ನು ಅಚ್ಚುಹಾಕಬಹುದಾಗಿತ್ತು. ಮಿಷನ್ ಶಾಲೆಗಳಿಗೂ ಸಭೆಗಳಿಗೂ ಅದು ಅಷ್ಟು ಪ್ರಿಯವಾದುದಕ್ಕೆ ಇದೊಂದು ಮುಖ್ಯ ಕಾರಣ.

ಸೋಲ್ಫಾ ಪುಟದ ಮತ್ತೊಂದು ಗುಣವನ್ನು ವಾಚಕರು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಲ್ಲಿ ಎಣಿಕೆಗಳನ್ನು ಸಮದೂರದಲ್ಲಿ ಬರೆಯುವುದು ವಾಡಿಕೆಯಾದುದರಿಂದ ಕಾಗದದ ಮೇಲಿನ ದೂರವೂ ಹಾಡಿನ ಕಾಲವೂ ಒಂದನ್ನೊಂದು ಹೋಲುತ್ತವೆ. ನಾಲ್ಕು ಎಣಿಕೆಗಳ ಒಂದು ಸ್ವರಕ್ಕೆ ಒಂದು ಅಕ್ಷರವೂ ಮೂರು ಅಡ್ಡಗೀಟುಗಳೂ ಇರುತ್ತವೆ. ನಮ್ಮ ಅಧ್ಯಾಪಿಕೆಯವರು ದನಿಯು ಎರಡನೆಯ ಎಣಿಕೆಯಲ್ಲಿ ಬೆಳೆಯತೊಡಗಬೇಕೆಂದು ಬಯಸಿದರೆ ಮೊದಲನೆಯ ಅಡ್ಡಗೀಟಿನ ಮೇಲೆ ಹೇರ್‌ಪಿನ್ನಿನ ಮೊನೆಯನ್ನಿಟ್ಟರು; ಮೂರನೆಯದರಲ್ಲಿ ಬಯಸಿದರೆ ಎರಡನೆಯ ಗೀಟಿನ ಮೇಲೆ. ಅವರ ಸೀಸದ ಕಡ್ಡಿಯು ಒಂದು ಅಂಗುಲ ಆಚೀಚೆ ಹೋದುದಿಲ್ಲ. ಅವರು ಗುರುತನ್ನು ಕಾಗದದ ಮೇಲೆ ಇಟ್ಟಂತೆ ನಮಗೆ ಕಾಣುತ್ತಿದ್ದರೂ, ನಿಜವಾಗಿ ಇಟ್ಟದ್ದು ಕಾಲದ ಒಂದು ಕ್ಷಣದ ಮೇಲೆ.

ನಾವು ಆರಿಸಿಕೊಂಡ ತಂತ್ರಾಂಶದ ಹೆಸರು ಲಿಲಿಪಾಂಡ್, ಎಂದರೆ ನೈದಿಲೆಯ ಕೊಳ. ಹಾನ್‌ವೆನ್ ನೀನ್‌ಹೈಸ್, ಯಾನ್ ನ್ಯೂವೆನ್‌ಹೈಜೆನ್ ಎಂಬ ಇಬ್ಬರು ಡಚ್ಚರು ೧೯೯೬ರಲ್ಲಿ ಇದನ್ನು ಆರಂಭಿಸಿದರು. ಇದಕ್ಕೆ ಹಣ ಕೊಡಬೇಕಾದುದಿಲ್ಲ. ಶಾಲೆಯ ಮಟ್ಟಿಗೆ ಇದು ಅಲ್ಪ ಸಂಗತಿಯಲ್ಲ. ಮೌಸ್ ಹಿಡಿದು ಸ್ವರಗಳನ್ನು ಎಳೆದೆಳೆದು ಗೆರೆಗಳ ಮೇಲೆ ಕೂರಿಸುವ ತಂತ್ರಾಂಶಗಳು ಬೇರೆ ಉಂಟು. ಲಿಲಿಪಾಂಡಿನಲ್ಲಿ ಹಾಗೆ ಮಾಡುವುದಿಲ್ಲ. ಕಾಗದ ಬರೆದಂತೆ ಸಾದಾ ಅಕ್ಷರಗಳಲ್ಲಿ ಸಂಗೀತವನ್ನು ಬರೆದುಕೊಡಬೇಕು. ಯಂತ್ರವು ಅದನ್ನು ಓದಿಕೊಂಡು ಐದು ಗೆರೆಗಳ ಪುಟವನ್ನು ತಾನೇ ರಚಿಸುತ್ತದೆ. ಜಿ ಎಂಬ ಅಕ್ಷರ ಸ್ವರ. ಅದರ ಬೆನ್ನಿಗೆ ನಾಲ್ಕು ಎಂಬ ಅಂಕಿಯಿದ್ದರೆ ಒಂದು ಎಣಿಕೆಯ ಕಾಲ, ಎರಡು ಎಂಬ ಅಂಕಿಯಿದ್ದರೆ ಎರಡು ಎಣಿಕೆ, ಒಂದು ಎಂದಿದ್ದರೆ ನಾಲ್ಕು. ಭಾವಚಿಹ್ನೆಯನ್ನು ಬರೆಯುವಾಗ ಹಿಂದಕ್ಕೆ ಓರೆಯಾದ ಒಂದು ಗೀಟೆಳೆದು ಪಿ ಎಂದೋ ಎಫ್ ಎಂದೋ ಬರೆಯಬೇಕು. ಸಾಹಿತ್ಯವನ್ನು ಕನ್ನಡದಲ್ಲಿಯೇ ಬೆರಳಚ್ಚು ಮಾಡಬಹುದು, ಒತ್ತಕ್ಷರಗಳು ಕೆಡುವುದಿಲ್ಲ. ಅಕ್ಷರಗಳಿಂದಲೇ ಬರೆಯುವ ಪದ್ಧತಿಯಾದುದರಿಂದ ಸೋಲ್ಫಾ ಪುಸ್ತಕದಿಂದ ಇದಕ್ಕೆ ಬರುವುದು ಸುಲಭವೆಂದು ನಾವು ಎಣಿಸಿದೆವು.

ಮೊದಲನೆಯ ಹಾಡು ಅಚ್ಚಾಗಿ ಬಂದಾಗ ಸ್ವರಗಳು ಒಂದೂ ತಪ್ಪಿರಲಿಲ್ಲ. ಗುರುತುಗಳೂ ಎಲ್ಲವೂ ಇದ್ದವು. ಆದರೆ ಹಾಡಿನೋಡಿದಾಗ ಎಲ್ಲಿಯೋ ಏನೋ ಕೆಟ್ಟಿತ್ತು. ಮೆಲ್ಲಗೆ ಆಗಬೇಕಾದ ಪದಕ್ಕಿಂತ ಮುಂಚಿನ ಅಕ್ಷರವೇ ಮೆಲ್ಲಗಾಗುತ್ತಿತ್ತು. ಗಟ್ಟಿಯಾಗಬೇಕಾದ ಪದದ ಹಿಂದಿನ ಪದದ ಬಾಲವು ಗಟ್ಟಿಯಾಗುತ್ತಿತ್ತು. ಹುಡುಗಿಯರು ಹಾಳೆಯಲ್ಲಿದ್ದುದನ್ನೇ ಹಾಡುತ್ತಿದ್ದರು, ಪಾಪ. ಎರಡು ದಿನ ಹುಡುಕಿದ ಮೇಲೆ ತಿಳಿದುದೇನೆಂದರೆ, ಪ್ರತಿಯೊಂದು ಗುರುತೂ ತನ್ನ ಸ್ವರವನ್ನು ಬಿಟ್ಟು ಸರಿಯಾಗಿ ಒಂದು ಸ್ವರ ಹಿಂದಕ್ಕೆ ಹೋಗಿತ್ತು.

ತಪ್ಪು ನಮ್ಮದೇ. "ಮೊದಲು ಗುರುತನ್ನು ನೋಡಿರಿ, ಆ ಮೇಲೆ ಸ್ವರವನ್ನು ಹಾಡಿರಿ" ಎಂದು ನಾವು ಎಷ್ಟೋ ವರ್ಷಗಳಿಂದ ಕಲಿಸಿಕೊಂಡು ಬಂದಿದ್ದೇವೆ. ಮಕ್ಕಳು ಅದರಂತೆಯೇ ಮೊದಲು ಗುರುತನ್ನು ಬರೆದು ಆ ಮೇಲೆ ಸ್ವರವನ್ನು ಬರೆದರು. ಲಿಲಿಪಾಂಡಿನ ನಿಯಮವಾದರೋ ಇದಕ್ಕೆ ವಿರುದ್ಧವಾದುದು. ಅಲ್ಲಿ ಮೊದಲು ಸ್ವರ, ಅದರ ಬೆನ್ನಿಗೆ ಕಾಲ, ಅದರ ಬೆನ್ನಿಗೆ ಗುರುತು. ಗುರುತು ಯಾವಾಗಲೂ ತನ್ನ ಹಿಂದಿರುವ ಸ್ವರಕ್ಕೆ ಸೇರುತ್ತದೆ. ನಡುವೆ ಎಷ್ಟು ಜಾಗ ಬಿಟ್ಟರೂ ಯಂತ್ರವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಡಿನ ಮೊಟ್ಟಮೊದಲ ಗುರುತಿಗೆ ಹಿಂದೆ ಸ್ವರವೇ ಇಲ್ಲದುದರಿಂದ ಅಲ್ಲಿ ಯಂತ್ರವು ಒಂದು ತಕರಾರನ್ನು ಬರೆದು ತೋರಿಸಿತ್ತು. ನಾವು ಅದನ್ನು ಲಕ್ಷಿಸಿರಲಿಲ್ಲ.

ಇದನ್ನು ಮಕ್ಕಳಿಗೆ ಮನದಟ್ಟು ಮಾಡುವುದು ಹೇಗೆಂದು ಚಿಂತಿಸುತ್ತಿರುವಾಗ ಕನ್ನಡ ವ್ಯಾಕರಣವೇ ನಮ್ಮ ಸಹಾಯಕ್ಕೆ ಬಂತು. ಇಂಗ್ಲಿಷಿನಲ್ಲಿ ಸಂಬಂಧವನ್ನು ತೋರಿಸುವ ಪದವು ನಾಮಪದದ ಮುಂದೆ ನಿಲ್ಲುತ್ತದೆ. ಕನ್ನಡದಲ್ಲಿ ಹಾಗಲ್ಲ. ಮನೆ ಎಂಬ ಪ್ರಕೃತಿಯು ಮೊದಲು, ಅಲ್ಲಿ ಎಂಬ ಪ್ರತ್ಯಯವು ಆ ಮೇಲೆ. ಎರಡೂ ಕೂಡಿ ಮನೆಯಲ್ಲಿ ಎಂದಾಗುತ್ತದೆ. ಪ್ರಕೃತಿಯಿಲ್ಲದೆ ಪ್ರತ್ಯಯವು ನಿಲ್ಲಲಾರದು, ಪ್ರಕೃತಿಯ ಮುಂದೆಯೂ ಬರಲಾರದು. ಲಿಲಿಪಾಂಡಿನಲ್ಲಿ ಸ್ವರವೇ ಪ್ರಕೃತಿ, ಭಾವಚಿಹ್ನೆಯೇ ಪ್ರತ್ಯಯ. ಇಷ್ಟು ಹೇಳಿದ ಮೇಲೆ ಆ ನಾಲ್ವರಲ್ಲಿ ಒಬ್ಬಳೂ ಮತ್ತೆ ಆ ತಪ್ಪನ್ನು ಮಾಡಲಿಲ್ಲ. "ಹಾಗಾದರೆ ಇದು ಕನ್ನಡದ ತಂತ್ರಾಂಶವೇ, ಅಮ್ಮಾ" ಎಂದು ಒಬ್ಬಳು ನಕ್ಕಳು.

ಎರಡನೆಯ ತೊಡಕು ದೀರ್ಘ ಸ್ವರಗಳದು. ಸೋಲ್ಫಾದಲ್ಲಿ ನಾಲ್ಕು ಎಣಿಕೆಯ ಸ್ವರಕ್ಕೆ ಮೂರು ಅಡ್ಡಗೀಟುಗಳಿದ್ದುವಷ್ಟೆ. ಐದು ಗೆರೆಗಳ ಲಿಪಿಯಲ್ಲಿ ಅದೇ ಸ್ವರವು ಒಂದೇ ಒಂದು ದುಂಡು ಬೊಟ್ಟು. ಲಿಲಿಪಾಂಡಿನ ಬರಹದಲ್ಲಿಯೂ ಒಂದಕ್ಷರ, ಒಂದು ಅಂಕಿ. ಎರಡನೆಯ ಎಣಿಕೆಯಲ್ಲಿ ದನಿ ಬೆಳೆಯತೊಡಗಬೇಕಾದರೆ ಗುರುತನ್ನು ಯಾವುದಕ್ಕೆ ತೂಗುಹಾಕುವುದು? ಎರಡನೆಯ ಎಣಿಕೆಯೆಂಬುದೇ ಅಲ್ಲಿ ಕಾಣಿಸುವುದಿಲ್ಲ. ನಮ್ಮ ಹುಡುಗಿಯರು ಬೇರೆ ದಾರಿ ಕಾಣದೆ ಇಂಥ ಗುರುತುಗಳನ್ನೆಲ್ಲ ಸ್ವರದ ಆರಂಭಕ್ಕೆ ಅಂಟಿಸಿದ್ದರು. ಅದರ ಫಲವಾಗಿ ದನಿಯು ಹುಟ್ಟುತ್ತಲೇ ಉಬ್ಬಿ, ಕೊನೆಯ ಎಣಿಕೆಗೆ ಬರುವಷ್ಟರಲ್ಲಿ ಉಸಿರು ತೀರಿಹೋಗುತ್ತಿತ್ತು.

ಇದಕ್ಕೆ ಆ ತಂತ್ರಾಂಶದಲ್ಲಿ ಒಂದು ಸೊಗಸಾದ ಉಪಾಯವುಂಟು. ಎಸ್ ಎಂಬ ಅಕ್ಷರವನ್ನು ಬರೆದರೆ ಅದು ಕಣ್ಣಿಗೆ ಕಾಣಿಸದ ಮೌನ. ಕಾಲವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಕಾಗದದ ಮೇಲೆ ಏನನ್ನೂ ಮೂಡಿಸುವುದಿಲ್ಲ. ಎರಡೆರಡು ಕೋನಕಂಸಗಳ ನಡುವೆ ನಾಲ್ಕು ಎಣಿಕೆಯ ಸ್ವರವನ್ನು ಒಂದು ಸಾಲಾಗಿಯೂ, ಅದರ ಜೊತೆಯಲ್ಲಿಯೇ ನಡೆಯುವಂತೆ ಕಾಣದ ಮೌನಗಳನ್ನು ಇನ್ನೊಂದು ಸಾಲಾಗಿಯೂ ಬರೆಯಬೇಕು. ಒಂದು ಎಣಿಕೆಯ ಮೌನ, ಅದಕ್ಕೆ ಮೆಲ್ಲಗೆ ಎಂಬ ಗುರುತು. ಎರಡು ಎಣಿಕೆಯ ಮೌನ, ಅದಕ್ಕೆ ಹೇರ್‌ಪಿನ್ನಿನ ಆರಂಭ. ಕೊನೆಯ ಒಂದು ಎಣಿಕೆಯ ಮೌನ, ಅದಕ್ಕೆ ಗಟ್ಟಿಯಾಗಿ ಎಂಬ ಗುರುತು. ಈ ಕೊನೆಯ ಗುರುತೇ ಹೇರ್‌ಪಿನ್ನನ್ನು ಮುಗಿಸುತ್ತದೆ. ಹಾಡುವವಳಿಗೆ ಕಾಣುವುದು ಒಂದೇ ದೀರ್ಘ ಸ್ವರ. ಅದರ ಮೇಲೆ ಗುರುತುಗಳು ತಮ್ಮ ತಮ್ಮ ಎಣಿಕೆಯಲ್ಲಿ ನಿಂತಿರುತ್ತವೆ. ೨೦೨೨ರ ಡಿಸೆಂಬರಿನಲ್ಲಿ ಹೊರಬಂದ ೨.೨೪ನೆಯ ಆವೃತ್ತಿಯಲ್ಲಿ ಇದೇ ಕಾರ್ಯಕ್ಕೆ ಆಫ್ಟರ್ ಎಂಬ ಆಜ್ಞೆಯೂ ಉಂಟು. ಇಂತಿಷ್ಟು ಕಾಲ ಕಳೆದ ಮೇಲೆ ಇಂಥ ಗುರುತನ್ನಿಡು ಎಂದು ಅದರಿಂದ ನೇರವಾಗಿ ಹೇಳಬಹುದು. ಒಂದೇ ಗುರುತಿರುವಾಗ ಅದು ಚಿಕ್ಕ ದಾರಿ. ಆದರೂ ನಾವು ಕಾಣದ ಮೌನಗಳನ್ನೇ ಹೆಚ್ಚಾಗಿ ಬಳಸುತ್ತೇವೆ. ಅವು ನಮ್ಮ ಹಳೆಯ ಪುಸ್ತಕದ ಅಡ್ಡಗೀಟುಗಳೇ ಅಲ್ಲವೇ? ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಗೀಟಿಗೊಂದು ಮೌನದಂತೆ ಒಪ್ಪಿಟ್ಟು ನೋಡುವುದಕ್ಕೂ ಇದು ಅನುಕೂಲವಾಗಿದೆ.

ಈ ಉಪಾಯದಿಂದ ಮತ್ತೊಂದು ಲಾಭವೂ ಆಯಿತು. ನಮ್ಮ ಹಾಡುಗಳಲ್ಲಿ ಹೆಚ್ಚಿನವು ಮೂರು ಧ್ವನಿಗಳಿಗಾಗಿ ಇವೆ. ಮೊದಲು ಮೂರು ಸಾಲುಗಳಿಗೂ ಗುರುತುಗಳನ್ನು ಬೇರೆ ಬೇರೆಯಾಗಿ ಬರೆದು, ಮೂರರಲ್ಲಿಯೂ ಬೇರೆ ಬೇರೆಯಾಗಿ ತಪ್ಪಿದ್ದೆವು. ಈಗ ಒಂದು ಹಾಡಿನ ಗುರುತುಗಳನ್ನೆಲ್ಲ ಕಾಣದ ಮೌನಗಳ ಒಂದು ಸಾಲಾಗಿ ಬರೆದು, ಅದಕ್ಕೊಂದು ಹೆಸರಿಟ್ಟು, ಮೂರು ಧ್ವನಿಗಳಿಗೂ ಅದೊಂದನ್ನೇ ಜೋಡಿಸುತ್ತೇವೆ. ತಿದ್ದಬೇಕಾದರೆ ಒಂದು ಕಡೆ ತಿದ್ದಿದರೆ ಸಾಕು.

ಸಣ್ಣ ವಿಷಯಗಳು ಇನ್ನೆರಡನ್ನು ಬೇಗ ಹೇಳಿಬಿಡುತ್ತೇವೆ. ಲಿಲಿಪಾಂಡ್ ಈ ಬಲದ ಗುರುತುಗಳನ್ನು ಸಾಮಾನ್ಯವಾಗಿ ಗೆರೆಗಳ ಕೆಳಗಿಡುತ್ತದೆ. ಹಾಡಿನಲ್ಲಿ ಕೆಳಗೆ ಸಾಹಿತ್ಯವಿರುವುದರಿಂದ ಗುರುತುಗಳು ಮೇಲಿರುವುದೇ ಪದ್ಧತಿ. ಆರಂಭದಲ್ಲಿ ಒಂದೇ ಆಜ್ಞೆಯನ್ನು ಬರೆದರೆ ಎಲ್ಲವೂ ಮೇಲಕ್ಕೇರುತ್ತವೆ. ಎರಡನೆಯದಾಗಿ, ಹೇರ್‌ಪಿನ್ನಿನ ಕೊನೆಯನ್ನು ಮುಂದಿನ ತಾಳಖಂಡದ ಮೊದಲನೆಯ ಎಣಿಕೆಯ ಸ್ವರಕ್ಕೆ ಕೊಟ್ಟರೆ ಯಂತ್ರವು ಅದನ್ನು ಆ ಸ್ವರದವರೆಗೆ ಎಳೆಯದೆ ನಿಲುಗೆರೆಯಲ್ಲಿಯೇ ಮುಗಿಸುತ್ತದೆ. ಬಹುಮಟ್ಟಿಗೆ ಇದು ಸರಿಯೇ. ಆದರೆ ಒಂದು ಕ್ರಿಸ್ಮಸ್ ಹಾಡಿನಲ್ಲಿ ನಮ್ಮ ಅಧ್ಯಾಪಿಕೆಯವರು ಜೋಡಿಗೆರೆಯನ್ನು ಬೇಕೆಂದೇ ನಿಲುಗೆರೆಯನ್ನು ದಾಟಿಸಿ ಮುಂದಿನ ಪದದ ತಲೆಗೆ ಮುಟ್ಟಿಸಿದ್ದರು. ಅಂಥಲ್ಲಿ ಆ ನಡತೆಯನ್ನು ನಿಲ್ಲಿಸಲು ಬೇರೆ ಆಜ್ಞೆಯನ್ನು ಕೊಡಬೇಕು.

ಇನ್ನು ನಮ್ಮನ್ನು ಬಹಳವಾಗಿ ಕಾಡಿದ ವಿಷಯಕ್ಕೆ ಬರುತ್ತೇವೆ. ಅದು ಯಂತ್ರದ್ದಲ್ಲ, ಭಾಷೆಯದು.

ನಮ್ಮ ಪುಸ್ತಕದ ಅನೇಕ ರಾಗಗಳು ಇಂಗ್ಲೆಂಡಿನಿಂದಲೂ ಜರ್ಮನಿಯಿಂದಲೂ ಬಂದವು. ಪದಗಳು ಕನ್ನಡಕ್ಕೆ ತಿರುಗಿಸಲ್ಪಟ್ಟವು. ಆ ರಾಗಗಳ ಸಂಗಡ ಭಾವಚಿಹ್ನೆಗಳೂ ಮೂಲ ಪದಗಳಿಗೆ ತಕ್ಕಂತೆ ಬಂದಿದ್ದವು. ಈಗ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. ಇದು ಯಾವ ಹಾಡಿನದೂ ಅಲ್ಲ, ಉದಾಹರಣೆಗಾಗಿ ನಾವೇ ಕಟ್ಟಿದುದು: ಮಲಗಿದ ಮಗುವನ್ನು ಎಬ್ಬಿಸಬೇಡಿರಿ. ಇಂಗ್ಲಿಷಿನಲ್ಲಾದರೆ ಎಬ್ಬಿಸಬೇಡಿರಿ ಎಂಬ ಮಾತು ಮೊದಲು ಬಂದು ಮಗುವು ಕೊನೆಯಲ್ಲಿ ಬರುತ್ತದೆ. ಆದಕಾರಣ ರಾಗದ ಪೂರ್ವಾರ್ಧಕ್ಕೆ ಮೆಲ್ಲಗೆ ಎಂಬ ಗುರುತೂ, ಮಗುವಿನ ಮೇಲಣ ಅಕ್ಕರೆಯನ್ನು ತೋರಿಸಲು ಉತ್ತರಾರ್ಧಕ್ಕೆ ಒಂದು ಹೇರ್‌ಪಿನ್ನೂ ಇರುವುದು ಸಹಜ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಹೋಗುತ್ತದೆ. ಗುರುತುಗಳನ್ನು ಇದ್ದಲ್ಲಿಯೇ ಬಿಟ್ಟರೆ ಏನಾಗುತ್ತದೆ? ಮಗುವನ್ನು ಎಂಬುದು ಪಿಸುಮಾತಾಗಿ, ಎಬ್ಬಿಸಬೇಡಿರಿ ಎಂಬುದು ಉಬ್ಬಿದ ದನಿಯಲ್ಲಿ ಹೊರಡುತ್ತದೆ. ಎಬ್ಬಿಸಬೇಡಿರೆಂದು ಕೂಗಿ ಕೂಗಿ ಮಗುವನ್ನು ಎಬ್ಬಿಸಿದಂತೆಯೇ ಸರಿ.

ನಮ್ಮ ಅಧ್ಯಾಪಿಕೆಯವರು ಇಂಥ ಕಡೆಗಳಲ್ಲೆಲ್ಲ ಮಸಿಯ ಗುರುತಿಗೆ ಅಡ್ಡಗೀಟು ಹೊಡೆದು, ಸೀಸದ ಕಡ್ಡಿಯಿಂದ ಅದನ್ನು ಬೇರೆ ಕಡೆಗೆ ಸಾಗಿಸಿದ್ದರು. ಒಬ್ಬ ಹುಡುಗಿಯು, ಆಕೆ ಬಹು ಜಾಗರೂಕಳು, ಮನೆಯಲ್ಲಿದ್ದ ಇಂಗ್ಲಿಷ್ ರಾಗಗಳ ಪುಸ್ತಕವನ್ನು ತಂದು ಒಪ್ಪಿಟ್ಟು ನೋಡಿ, ಸೀಸದ ಗುರುತುಗಳು ತಪ್ಪೆಂದು ತಿಳಿದು, ಮೂರು ಹಾಡುಗಳಲ್ಲಿ ಎಲ್ಲವನ್ನೂ ಮೂಲದಂತೆ ತಿದ್ದಿಬಿಟ್ಟಿದ್ದಳು. ಆಕೆಯನ್ನು ನಾವು ಗದರಿಸಲಿಲ್ಲ. ಮೂಲವನ್ನು ನೋಡಬೇಕೆಂದು ಕಲಿಸಿದವರೂ ನಾವೇ. ಆ ಮೂರು ಹಾಡುಗಳನ್ನು ಎರಡು ವಿಧವಾಗಿಯೂ ಹಾಡಿಸಿ ಆಕೆಗೇ ಕೇಳಿಸಿದೆವು. ಎರಡನೆಯ ಸಲ ಹಾಡುವಾಗ ಆಕೆ ತಾನೇ ಎದ್ದುಹೋಗಿ ಕಡತವನ್ನು ಮತ್ತೆ ತೆರೆದಳು.

ಪದಗಳ ಕ್ರಮವಲ್ಲದೆ ಅಕ್ಷರಗಳ ತೂಕವೂ ಇಲ್ಲಿ ಸೇರುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವು ಹ್ರಸ್ವವಾಗಿದ್ದರೂ ಗುರುವೇ ಎಂಬುದನ್ನು ಪ್ರಸ್ತಾರ ಹಾಕಬಲ್ಲ ಪ್ರತಿಯೊಬ್ಬ ಹುಡುಗಿಯೂ ಬಲ್ಲಳು. ಎಬ್ಬಿಸು ಎಂಬಲ್ಲಿ ಮೊದಲಕ್ಷರ ಗುರು. ಲಿಲಿಪಾಂಡಿನಲ್ಲಿ ಸಾಹಿತ್ಯವನ್ನು ಬರೆಯುವಾಗ ಅಕ್ಷರಗಳ ನಡುವೆ ಎರಡೆರಡು ಅಡ್ಡಗೀಟುಗಳನ್ನಿಟ್ಟು ಬಿಡಿಸಬೇಕು; ಎ ಎಂಬುದು ಒಂದು ಸ್ವರದ ಕೆಳಗೂ ಬ್ಬಿ ಎಂಬುದು ಮುಂದಿನ ಸ್ವರದ ಕೆಳಗೂ ನಿಲ್ಲುತ್ತವೆ. ಕಣ್ಣಿಗೆ ಹಾಗೆ. ಬಾಯಿಗೆ ಹಾಗಲ್ಲ. ಮೊದಲನೆಯ ಸ್ವರ ಮುಗಿಯುವ ಮುನ್ನವೇ ತುಟಿಗಳು ಮುಚ್ಚಿಕೊಳ್ಳಬೇಕು, ಏಕೆಂದರೆ ಬಕಾರದ ಅರ್ಧವು ಹಿಂದಿನ ಸ್ವರದ ಬಾಲದಲ್ಲಿಯೇ ಇದೆ. ಮುಚ್ಚಿದ ತುಟಿಗಳ ಮೇಲೆ ದನಿಯನ್ನು ಬೆಳೆಸುವುದು ಯಾರಿಗೂ ಸಾಧ್ಯವಿಲ್ಲ. ಹೇರ್‌ಪಿನ್ನಿನ ಕೊನೆಯನ್ನು ಬ್ಬಿ ಎಂಬುದರ ಸ್ವರಕ್ಕೆ ಕೊಟ್ಟರೆ ಹುಡುಗಿಯರು ತುಟಿ ಮುಚ್ಚುತ್ತ ಮುಚ್ಚುತ್ತ ದನಿಯನ್ನು ನೂಕುತ್ತಾರೆ. ಬಕಾರವು ಸಿಡಿದು ಕೇಳುತ್ತದೆ. ಆದುದರಿಂದ ಇಂಥ ಒತ್ತಕ್ಷರಗಳಿರುವೆಡೆ ಹೇರ್‌ಪಿನ್ನನ್ನು ಹಿಂದಿನ ಸ್ವರದ ಕೊನೆಯ ಎಣಿಕೆಗೆ ಮೊದಲೇ, ಕಾಣದ ಮೌನವೊಂದರ ಮೇಲೆ ಮುಗಿಸುತ್ತೇವೆ. ಹಳೆಯ ಪುಸ್ತಕದಲ್ಲಿ ನೋಡಿದರೆ ಸೀಸದ ಗೆರೆಗಳು ಒತ್ತಕ್ಷರಗಳ ಹಿಂದೆ ಯಾವಾಗಲೂ ತುಸು ಮೊದಲೇ ನಿಂತಿವೆ. ಕೈ ತಡೆಯಿತೆಂದು ನಾವು ಬಹುದಿನ ಭಾವಿಸಿದ್ದೆವು.

ಕನ್ನಡದ ಹಾಡಿಗೆ ಕನ್ನಡದ ನಡೆ ಬೇಕೆಂಬ ವಿಚಾರವು ಮಿಷನರಿಗಳಿಗೂ ಹೊಳೆಯದೆ ಇರಲಿಲ್ಲ. ೧೮೫೩ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲರು ೧೮೬೨ರಲ್ಲಿ ಕಥಾಮಾಲೆಯೆಂಬ ಪುಸ್ತಕದಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ದೇಶೀಯ ಛಂದಸ್ಸುಗಳ ಪದ್ಯಗಳಾಗಿ ಬರೆದರು. ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ೧೮೯೪ರ ಅವರ ನಿಘಂಟನ್ನು ಎಲ್ಲರೂ ಸ್ಮರಿಸುತ್ತಾರೆ. ಗುರುಲಘುಗಳ ಮೇಲೆ ಅವರು ಪಟ್ಟ ಶ್ರಮವನ್ನು ಹಾಡಿಸುವವರೂ ಸ್ಮರಿಸತಕ್ಕದ್ದು.

ಚರಣಗಳ ವಿಷಯದಲ್ಲಿಯೂ ಒಂದು ಮಾತು. ಸ್ತೋತ್ರಗೀತೆಯಲ್ಲಿ ರಾಗವೊಂದೇ, ಚರಣಗಳು ನಾಲ್ಕೈದು. ಮೊದಲನೆಯ ಚರಣದಲ್ಲಿ ಮೆಲ್ಲಗೆ ಹಾಡಬೇಕಾದ ಸ್ವರವನ್ನೇ ಕೊನೆಯ ಚರಣದಲ್ಲಿ ತುಂಬು ದನಿಯಿಂದ ಹಾಡಬೇಕಾಗಬಹುದು. ಸ್ವರಕ್ಕೆ ಅಂಟಿಸಿದ ಗುರುತು ಎಲ್ಲ ಚರಣಗಳಿಗೂ ಒಂದೇ ಆಗಿಬಿಡುತ್ತದೆ. ಏನ್ಷೆಂಟ್ ಅಂಡ್ ಮಾಡರ್ನ್ ಎಂಬ ಹೆಸರಾಂತ ಇಂಗ್ಲಿಷ್ ಗೀತಸಂಗ್ರಹದ ೧೮೭೫ರ ಪರಿಷ್ಕೃತ ಮುದ್ರಣದಲ್ಲಿ ಈ ಗುರುತುಗಳನ್ನು ಪದ್ಯದ ಸಾಲುಗಳ ಎಡಪಕ್ಕದಲ್ಲಿ ಅಚ್ಚುಹಾಕಿದ್ದರು. ಲಿಲಿಪಾಂಡಿನಲ್ಲಿಯೂ ಚರಣದ ಸಂಖ್ಯೆಯ ಜೊತೆಯಲ್ಲಿ, ಸಾಹಿತ್ಯದ ಸಾಲಿನ ಮುಂದೆ, ಬಲದ ಗುರುತನ್ನಿಡುವ ಅನುಕೂಲವುಂಟು. ಚರಣಕ್ಕೆಲ್ಲ ಸೇರುವುದನ್ನು ಅಲ್ಲಿಯೂ, ಒಂದು ಕ್ಷಣಕ್ಕೆ ಸೇರುವುದನ್ನು ಸ್ವರದ ಮೇಲೂ ಇಡುತ್ತೇವೆ. ಒಂದೊಂದು ಚರಣಕ್ಕೂ ಹೇರ್‌ಪಿನ್ನುಗಳೇ ಬೇರೆಯಾದ ಎರಡು ಹಾಡುಗಳಲ್ಲಿ ಮಾತ್ರ ಕಾಗದ ಹೆಚ್ಚಾದರೂ ಆಗಲೆಂದು ಚರಣಗಳನ್ನು ಪೂರ್ತಿಯಾಗಿ ಬೇರೆ ಬೇರೆ ಅಚ್ಚುಹಾಕಿದ್ದೇವೆ.

ಗುರುತುಗಳನ್ನು ಕೈಯಿಂದ ಸರಿಸುವುದೂ ಲಿಲಿಪಾಂಡಿನಲ್ಲಿ ಸಾಧ್ಯ. ಐದು ಗೆರೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಅಳತೆಗೋಲಾಗಿಟ್ಟುಕೊಂಡು, ಇಷ್ಟು ಅಂತರ ಎಡಕ್ಕೆ, ಇಷ್ಟು ಮೇಲಕ್ಕೆ ಎಂದು ಆಜ್ಞೆ ಕೊಡಬಹುದು. ಎರಡು ಗುರುತುಗಳು ಒಂದನ್ನೊಂದು ಒತ್ತುವಾಗ ಇದು ಬೇಕೇ ಬೇಕು. ಆದರೆ ಕಾಲದಲ್ಲಿ ತಪ್ಪಿದ ಗುರುತನ್ನು ಕಣ್ಣಿಗೆ ಸರಿಕಾಣುವಂತೆ ಸರಿಸುವುದನ್ನು ನಾವು ನಿಷೇಧಿಸಿದ್ದೇವೆ. ಆರಂಭದಲ್ಲಿ ನಮ್ಮ ಹುಡುಗಿಯರು ಒಂದು ಸ್ವರ ಹಿಂದೆ ಬಿದ್ದ ಗುರುತುಗಳನ್ನು ಹೀಗೆಯೇ ಬಲಕ್ಕೆ ತಳ್ಳಿ ಸರಿಪಡಿಸಲೆತ್ನಿಸಿದ್ದರು. ದೊಡ್ಡ ಹಾಳೆಯಲ್ಲಿ ಅದು ಸರಿಯಾಗಿಯೇ ಕಂಡಿತು. ಅದೇ ಹಾಡನ್ನು ಕೈಯಲ್ಲಿ ಹಿಡಿಯುವ ಚಿಕ್ಕ ಪುಸ್ತಕದ ಅಳತೆಗೆ ಅಚ್ಚುಹಾಕಿದಾಗ ಸಾಲುಗಳು ಬೇರೆಡೆ ಮುರಿದವು, ಸ್ವರಗಳು ಹತ್ತಿರ ಹತ್ತಿರ ಬಂದವು. ತಳ್ಳಿದ ಗುರುತುಗಳು ತಳ್ಳಿದಷ್ಟೇ ದೂರ ಹೋಗಿ ಎರಡು ಸ್ವರಗಳಾಚೆ ಬಿದ್ದಿದ್ದವು, ಒಂದು ಪುಟದಂಚಿನಾಚೆಗೇ ಹೋಗಿತ್ತು. ಸರಿಯಾದ ಸ್ವರಕ್ಕೋ ಸರಿಯಾದ ಮೌನಕ್ಕೋ ಸೇರಿಸಿದ ಗುರುತು ಕಾಗದ ಚಿಕ್ಕದಾದರೂ ದೊಡ್ಡದಾದರೂ ತನ್ನ ಎಣಿಕೆಯನ್ನು ಬಿಟ್ಟು ಕದಲುವುದಿಲ್ಲ.

ವಿಜಯನಗರದಿಂದಲೂ ಬಸವೇಶ್ವರನಗರದಿಂದಲೂ ಬರುವ ನಮ್ಮ ಹುಡುಗಿಯರಲ್ಲಿ ಕೆಲವರು ಮನೆಯಲ್ಲಿ ಕರ್ನಾಟಕ ಸಂಗೀತದ ಪಾಠವನ್ನು ಹೇಳಿಸಿಕೊಳ್ಳುತ್ತಾರೆ. ಅವರ ಪುಸ್ತಕಗಳಲ್ಲಿಯೂ ಸ್ವರಗಳು ಅಕ್ಷರಗಳೇ; ದೀರ್ಘಕ್ಕೆ ಅಲ್ಪವಿರಾಮ, ಅರ್ಧವಿರಾಮಗಳನ್ನು ಬರೆಯುತ್ತಾರೆ. ಗಮಕಗಳಿಗೆ ಗುರುತುಗಳೇಕಿಲ್ಲವೆಂದು ಒಬ್ಬಳನ್ನು ಕೇಳಿದೆವು. "ಅದನ್ನು ಗುರುಗಳು ಬಾಯಲ್ಲಿ ಹೇಳಿಕೊಡುತ್ತಾರೆ" ಎಂದಳು. ಗುರುಗಳಿರುವವರೆಗೆ ಅದು ಸಾಕು. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಸ್ವರಾಕ್ಷರಗಳಿಗೆ ಗಮಕದ ಗುರುತುಗಳನ್ನು ಕೊಟ್ಟಿದ್ದಾರೆ. ಕಂಪಿತಕ್ಕೆ ಅಲೆಯಂಥ ಗೆರೆ, ಜಾರುವಿಗೆ ಓರೆಗೆರೆ, ಹೀಗೆ ಒಂದೊಂದಕ್ಕೂ ಒಂದೊಂದು. ತಮ್ಮ ಮನೆತನದ ವಿದ್ಯೆಯನ್ನು ಹೀಗೆ ಬರೆದಿಡುವಂತೆ ಅವರನ್ನು ಪ್ರೇರೇಪಿಸಿದವರಲ್ಲಿ ಚಿನ್ನಸ್ವಾಮಿ ಮೊದಲಿಯಾರರು ಮುಖ್ಯರು. ಅವರು ಕ್ರೈಸ್ತರು, ೧೮೯೦ರ ದಶಕದಲ್ಲಿ ಮದರಾಸಿನಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ಐದು ಗೆರೆಗಳ ಲಿಪಿಯಲ್ಲಿ ಅಚ್ಚುಹಾಕಿಸುವುದಕ್ಕಾಗಿ ತಮ್ಮ ಸರ್ವಸ್ವವನ್ನೂ ವೆಚ್ಚಮಾಡಿದವರು. ಬಾಯಿಂದ ಬಾಯಿಗೆ ಬರುವುದು ಒಂದು ತಲೆಮಾರಿನಲ್ಲಿ ತಪ್ಪಿದರೆ ಮುಂದೇನೆಂಬ ಕಳವಳವು ಅವರಿಗೂ ಇತ್ತೆಂದು ತೋರುತ್ತದೆ.

ನಮ್ಮ ಕಪ್ಪು ಪುಸ್ತಕದ ಹಾಡುಗಳು ಎರಡನ್ನುಳಿದು ಎಲ್ಲವೂ ಈಗ ಗುರುತುಗಳ ಸಮೇತವಾಗಿ ಮುಗಿದಿವೆ. ಉಳಿದ ಎರಡರ ಪುಟಗಳು ಹಿಂದೊಮ್ಮೆ ಮಳೆನೀರಿನಲ್ಲಿ ನೆನೆದವು. ಮಸಿಯು ನಿಂತಿದೆ, ಸೀಸದ ಗೆರೆಗಳು ಅಳಿಸಿವೆ. ಒಂದರ ಕೊನೆಯ ಸಾಲಿನಲ್ಲಿ ಹೇರ್‌ಪಿನ್ನಿನ ಮೊನೆಯು ಎರಡನೆಯ ಗೀಟಿನ ಮೇಲಿತ್ತೋ ಮೂರನೆಯದರ ಮೇಲಿತ್ತೋ ಭೂತಗಾಜಿನಿಂದ ನೋಡಿದರೂ ತಿಳಿಯಲಿಲ್ಲ. ಆ ಅಧ್ಯಾಪಿಕೆಯವರ ಕೈಕೆಳಗೆ ಹಾಡಿದ ಹಳೆಯ ವಿದ್ಯಾರ್ಥಿನಿಯರು ರಾಜಾಜಿನಗರದ ಸುತ್ತಮುತ್ತಲೇ ಅನೇಕರಿದ್ದೀರಿ. ಶನಿವಾರ ಮಧ್ಯಾಹ್ನಗಳಲ್ಲಿ ಸಂಗೀತದ ಕೊಠಡಿಯು ತೆರೆದಿರುತ್ತದೆ. ಆ ಎರಡು ಹಾಡುಗಳ ಗುರುತಿಲ್ಲದ ಹಾಳೆಗಳನ್ನು ಮೇಜಿನ ಮೇಲಿಟ್ಟಿದ್ದೇವೆ. ತಾವು ಬಂದು ಆ ಸಾಲನ್ನು ಒಮ್ಮೆ ಹಾಡಬೇಕು. ದನಿಯು ಎಲ್ಲಿ ಬೆಳೆಯಿತೆಂಬುದನ್ನು ಕೇಳಿ ಬರೆದುಕೊಳ್ಳಲು ಆ ನಾಲ್ವರು ಹುಡುಗಿಯರು ಅಲ್ಲಿಯೇ ಇರುತ್ತಾರೆ.